ಕಿಸಬಾಯಿದಾಸ ಲಕ್ಷಣ ಸಂಗ್ರಹ

ಬಾದಾಮಿಯ ಒಂದನೆಯ ಗುಹೆಯ ನಟರಾಜನಿಗೆ 18 ಕೈ. ಆತನಿಗೆ ಲೂಪ್ ಪೆಡಲ್ ಬೇಕಿಲ್ಲ. ಇರುವ ಎರಡೇ ಕೈಯನ್ನು ಬೇಸ್ ಗಿಟಾರಿನ ನಾಲ್ಕು ತಂತಿಗೆ ಒತ್ತೆಯಿಟ್ಟು, ಅದರ ಮೇಲೊಂದು ರಾಗವನ್ನೂ ನುಡಿಸುವ ಆಸೆ ಬಿಡದವರಿಗಾಗಿ ಈ ಗ್ರಂಥ. ಅಂಥವರಿಗೆ ಉಳಿದಿರುವುದು ಕಾಲು. ಶಾಸ್ತ್ರ ಅಲ್ಲಿಂದಲೇ ಶುರು.

ನಾಮಪ್ರಕರಣ

ನುಡಿಸಿದ್ದನ್ನು ನುಂಗಿ, ಕಾಲಿನ ಅಪ್ಪಣೆಯಾದೊಡನೆ ಅದನ್ನೇ ಮತ್ತೆ ಮತ್ತೆ ಉಗುಳುವ ಡಬ್ಬಿಗೆ ಪೇಟೆಯಲ್ಲಿ ಲೂಪ್ ಪೆಡಲ್ ಎನ್ನುತ್ತಾರೆ. ನಮ್ಮ ಗಾದೆ ಈ ಜೀವಿಗೆ ಎಂದೋ ನಾಮಕರಣ ಮಾಡಿದೆ: ಹಾಡಿದ್ದೇ ಹಾಡೋ ಕಿಸಬಾಯಿದಾಸ. ಮುಂದೆ ‘ದಾಸ’ ಎಂದಲ್ಲೆಲ್ಲ ಆತನೇ ಎಂದು ತಿಳಿಯತಕ್ಕದ್ದು.

ಇಲ್ಲೊಂದು ಆಕ್ಷೇಪ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ಕೂಗಿದರೆ ಕೆಂಪು ಬಂಡೆಯೂ ತಿರುಗಿ ಕೂಗುತ್ತದಲ್ಲ, ಅದೂ ದಾಸನೇನು? ಅಲ್ಲ. ಬಂಡೆ 170 ಮೀಟರ್ ದೂರವಿದ್ದರೆ ದನಿ ಹೋಗಿ ಬರಲು ಒಂದು ಸೆಕೆಂಡು; ಬಂದದ್ದು ಸೊರಗಿ ಸಾಯುತ್ತದೆ. ಅದು ಡಿಲೇ ಪೆಡಲಿನ ಜಾತಿ. ದಾಸನ ದನಿ ತಾನಾಗಿ ಸಾಯುವುದಿಲ್ಲ, ಕೊಲ್ಲಬೇಕು. ತಂಬೂರಿಯೂ ಲೆಕ್ಕಕ್ಕಿಲ್ಲ: ಅದಕ್ಕೆ ಶ್ರುತಿಯುಂಟು, ಆವರ್ತನವಿಲ್ಲ. ತಬಲಾ ಸೋಲೋ ನಡೆವಾಗ ಒಂದೇ ಲೆಹರಾವನ್ನು ಬೇಸರಿಸದೆ ತಿರುಗಿಸುವ ಹಾರ್ಮೋನಿಯಮ್ಮಿನ ಪೆಟ್ಟಿ ಮಾಸ್ತರರು ಮಾತ್ರ ದಾಸನಿಗೆ ಹತ್ತಿರದ ಬಂಧು. ಇಬ್ಬರ ಭೇದ ಕೊನೆಯಲ್ಲಿದೆ.

ಪೂರ್ವಾಚಾರ್ಯರು: ರಾಬರ್ಟ್ ಫ್ರಿಪ್ ಮತ್ತು ಬ್ರಯಾನ್ ಈನೋ 1973ರ ಆಲ್ಬಮ್ಮಿಗೆ ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪು ಹಾಯಿಸಿ ದಾಸನನ್ನು ಸಾಕಿದರು. ಬೇಸ್ ಪರಂಪರೆಯ ಮೂಲಪುರುಷ ಜಾಕೋ ಪಾಸ್ಟೋರಿಯಸ್. ವೆದರ್ ರಿಪೋರ್ಟ್ ತಂಡದ 1979ರ ಆಲ್ಬಮ್ಮಿನಲ್ಲಿ ಆತ ಡಿಲೇ ಯಂತ್ರದಿಂದಲೇ ಸುತ್ತು ಹೊಡೆಸಿ, ತನ್ನ ಬೇಸಿಗೆ ತಾನೇ ಬೇಸ್ ಸಾಥ್ ಕೊಟ್ಟುಕೊಂಡ.

ಯಂತ್ರಭೇದ

ದಾಸರು ಮೂರು ವಿಧ: ಏಕಪಾದ, ದ್ವಿಪಾದ, ಹಸ್ತಸೇವ್ಯ.

ಏಕಪಾದನಿಗೆ ಒಂದೇ ಗುಂಡಿ. ಒತ್ತಿದರೆ ಕೇಳುತ್ತಾನೆ, ಮತ್ತೆ ಒತ್ತಿದರೆ ಹಾಡುತ್ತಾನೆ, ಇನ್ನೊಮ್ಮೆ ಒತ್ತಿದರೆ ಮೇಲೊಂದು ಪದರ ಹಾಕಿಸಿಕೊಳ್ಳುತ್ತಾನೆ. ಬಾಯಿ ಮುಚ್ಚಿಸಲು ಮಾತ್ರ ಬೇಗ ಬೇಗ ಎರಡು ಸಲ ಒತ್ತಬೇಕು. ಸಭೆಯ ಮುಂದೆ ಆ ಎರಡನೆಯ ಒತ್ತು ಯಾವಾಗಲೂ ತಡ. ಟಿಸಿ ಎಲೆಕ್ಟ್ರಾನಿಕ್‌ನ ಡಿಟ್ಟೋ ಐದು ನಿಮಿಷ ನೆನಪಿಡುತ್ತದೆ, ಬಾಸ್ ಆರ್‌ಸಿ-1 ಹನ್ನೆರಡು ನಿಮಿಷ. ಅಷ್ಟು ಹೊತ್ತು ಒಂದೇ ಉಸಿರಿಗೆ ಹೇಳುವ ವಿಷಯ ಯಾವ ಬೇಸಿಗನಲ್ಲೂ ಇಲ್ಲವಾದ್ದರಿಂದ ನಿಮಿಷದ ಲೆಕ್ಕ ನೋಡಿ ಕೊಳ್ಳಬೇಡಿ.

ದ್ವಿಪಾದನಲ್ಲಿ ನಿಲ್ಲಿಸಲು ಬೇರೆ ಗುಂಡಿ. ಹೆಚ್ಚು ಕೊಡುವ ಹಣ ಆ ಗುಂಡಿಗೇ, ಮತ್ತು ಅದು ದಂಡವಲ್ಲ.

ಹಸ್ತಸೇವ್ಯರು ಆರ್‌ಸಿ-505ರಂತೆ ಮೇಜಿನ ಮೇಲೆ ಕೂರುವ ಐದು ಟ್ರ್ಯಾಕಿನವರು. ಬಾಯಿಂದಲೇ ಡ್ರಮ್ಸ್ ನುಡಿಸುವವರಿಗೆ ಇವರು ಪ್ರಶಸ್ತ. ಬೇಸಿಗನಿಗೆ ಕೈ ಎಲ್ಲಿ ಖಾಲಿ? ನಟರಾಜನ ಮಾತು ಬೇರೆ.

ಕೊಳ್ಳುವ ಮುಂಚೆ ಪರೀಕ್ಷೆ ಒಂದೇ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದನ್ನು ಬಿಡಿಯಾಗಿ ಮೀಟಿ ದಾಸನಿಗೆ ಕೇಳಿಸಿ, ನಿಮ್ಮ ದನಿಯನ್ನೂ ಅವನದನ್ನೂ ಹೋಲಿಸಿ. ಅವನ ದನಿಯ ಹೊಟ್ಟೆ ಕರಗಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಬ್ಯಾಟರಿಯಿಲ್ಲದ ಬೇಸಾದರೆ ಪೆಡಲಿನ ಇನ್‌ಪುಟ್ 1 ಮೆಗಾಓಮ್ ಆಸುಪಾಸಿನಲ್ಲಿರಲಿ. ಕೀಬೋರ್ಡಿಗೆ ಮಾಡಿದ ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ದನಿ ಕಂಬಳಿ ಹೊದ್ದಂತೆ ಬರುತ್ತದೆ. ಪೆಡಲುಗಳ ಸಾಲಿನಲ್ಲಿ ದಾಸನ ಸ್ಥಾನ ಕಟ್ಟಕಡೆ, ಆಂಪ್ಲಿಫೈಯರಿನ ಹೊಸ್ತಿಲಲ್ಲಿ. ಡಿಸ್ಟಾರ್ಷನ್ನಿಗಿಂತ ಮೊದಲೇ ಕೂರಿಸಿದರೆ, ಒಂದು ಪದರಕ್ಕೆಂದು ಹಾಕಿದ ಖಾರ ಇಡೀ ಪಾತ್ರೆಗೆ ಬೀಳುತ್ತದೆ.

ಪ್ರಯೋಗಭೇದ

ನುಡಿಸುವವರು ನಾಲ್ಕು ಊರಿನ ಜಾತಿ.

ಬಾದಾಮಿ ಜಾತಿಯವರು ಒಮ್ಮೆ ಕೆತ್ತಿದ್ದನ್ನು ಅಳಿಸರು. ಹಾಡಿಡೀ ತುಂಬಿ, ಶಿಲಾಶಾಸನವೆಂಬಂತೆ ಅದರೆದುರು ಕೈಕಟ್ಟಿ ನಿಲ್ಲುತ್ತಾರೆ. ಇವರಿಗೆ ಮದ್ದು ಅವರೂರಿನ ಬಂಡೆಯಲ್ಲೇ ಇದೆ. ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಬೀಸುವ ಹೆಂಗಸರು ತ್ರಿಪದಿ ಹಾಡುವಾಗ ಎರಡನೆಯ ಸಾಲನ್ನು ಮರಳಿಸಿ ಮೂರನ್ನು ನಾಲ್ಕು ಮಾಡುತ್ತಾರೆ. ಮರಳಿಸುವ ಶಕ್ತಿಯಿದೆಯೆಂದು ಮೂರನ್ನೂ ಮರಳಿಸುವುದಿಲ್ಲ.

ಬಾಗಲಕೋಟೆ ಜಾತಿಯವರದು ಹೋಳಿ. ಒಂದರ ಮೇಲೊಂದು ಬಣ್ಣ ಎರಚುತ್ತ ಹೋಗುತ್ತಾರೆ; ಸಂಜೆಗೆ ಎಲ್ಲರ ಮುಖವೂ ಒಂದೇ ಕಂದು. ಬೇಸಿನ ತಗ್ಗು ಸ್ವರಗಳು ಒಂದರ ಮೇಲೊಂದು ಬಿದ್ದರೆ ಇದೇ ಗತಿ, ಬರೀ ರಾಡಿ. ಆದ್ದರಿಂದ ತಳದಲ್ಲಿ ಒಂದೇ ಪದರ. ಎರಡನೆಯದನ್ನು ಹನ್ನೆರಡನೆಯ ಫ್ರೆಟ್ಟಿನಾಚೆ ನುಡಿಸಿ. ಮೂರನೆಯದು ತಂತಿ ತಟ್ಟಿದ ಸದ್ದಷ್ಟೇ, ಹಲಗಿಯ ಹಾಗೆ.

ಹುನಗುಂದ ಜಾತಿಯವರು ಕೂಡಲಸಂಗಮದ ಭಕ್ತರು. ಕೃಷ್ಣೆಗೊಂದು, ಮಲಪ್ರಭೆಗೊಂದು ಎಂದು ಎರಡು ಟ್ರ್ಯಾಕಿನ ದಾಸನೇ ಆಗಬೇಕು: ಪಲ್ಲವಿಗೊಂದು ಸುತ್ತು, ಚರಣಕ್ಕೊಂದು ಸುತ್ತು. ಯೋಚನೆ ಒಳ್ಳೆಯದೇ. ಆದರೆ ಹೊಳೆ ಕೂಡುವ ಜಾಗ ಗೊತ್ತಿರಬೇಕು, ಇಲ್ಲದಿದ್ದರೆ ಪಲ್ಲವಿಯ ನಡುನೀರಿನಲ್ಲೇ ಚರಣ ಬಂದು ನುಗ್ಗುತ್ತದೆ.

ಇಳಕಲ್ ಜಾತಿಯೇ ಉತ್ತಮ, ಇದರಲ್ಲಿ ಊರಭಿಮಾನದ ಮಾತಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸುತ್ತಾರೆ, ಒಂದೊಂದು ಸೀರೆಗೂ ಹೊಸದಾಗಿ. ನೇಕಾರ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ತುಳಿಯುತ್ತಾನೆ. ಲೂಪೂ ಪೆಡಲೂ ಒಂದೇ ಕುಣಿಯೊಳಗೆ!

ಶಾಸ್ತ್ರದ ಜೀವಾಳ ಈ ಕೊಂಡಿ, ಸುತ್ತಿನ ಕೊನೆ ಅದರ ಮೊದಲಿಗೆ ಸೇರುವ ಜಾಗ. ಹೊಸಬ ಕೊನೆಯ ಸ್ವರ ಮುಗಿಯಿತೆಂದು ಒತ್ತುತ್ತಾನೆ. ತಪ್ಪು. ತೀನ್‌ತಾಲದ ಹದಿನಾರು ಮಾತ್ರೆ ಮುಗಿದು ಮತ್ತೆ ಒಂದು ಬೀಳುವ ಸಮ್‌ಗೆ ಕಾಲು ಬೀಳಬೇಕು. ನಿಮಿಷಕ್ಕೆ 80 ಮಾತ್ರೆಯ ಲಯದಲ್ಲಿ ಒಂದು ಆವರ್ತನ 12 ಸೆಕೆಂಡು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲು ತಡವಾದರೆ ಐದು ನಿಮಿಷದ 25 ಸುತ್ತಿಗೆ ಎರಡೂವರೆ ಸೆಕೆಂಡು, ಅಂದರೆ ಮೂರು ಮಾತ್ರೆಗೂ ಹೆಚ್ಚು ಹಿಂದೆ ಬೀಳುತ್ತೀರಿ. ಅಷ್ಟರಲ್ಲಿ ತಬಲಾದವರು ನಿಮ್ಮನ್ನು ನೋಡುವುದನ್ನೇ ಬಿಟ್ಟಿರುತ್ತಾರೆ.

ಸಿದ್ಧಾಂತ

ಪೆಟ್ಟಿ ಮಾಸ್ತರರಿಗೂ ದಾಸನಿಗೂ ಏನು ಭೇದ? ಮಾಸ್ತರರಿಗೆ ಚಹಾ ಬೇಕು, ಎಲೆಯಡಿಕೆ ಬೇಕು, ದಾಸನಿಗೆ 9 ವೋಲ್ಟ್ ಸಾಕು. ಆದರೆ ತಬಲಾದವನು ಎಡವಿದರೆ ಮಾಸ್ತರರು ಒಂದು ಸ್ವರ ಎಳೆದು, ಕಣ್ಣಲ್ಲೇ ಸಮ್ ತೋರಿಸಿ, ಆತನನ್ನು ದಡ ಸೇರಿಸುತ್ತಾರೆ. ದಾಸನಿಗೆ ಆ ಕರುಣೆಯಿಲ್ಲ. ಹಲವು ದಾಸರು ಕರೆಂಟು ಹೋಗಿ ಬಂದರೂ ನಿನ್ನೆಯ ತಪ್ಪನ್ನು ಇವತ್ತು ಬೆಳಿಗ್ಗೆ ಚಾಚೂ ತಪ್ಪದೆ ಒಪ್ಪಿಸುತ್ತಾರೆ.

ಪಕ್ಕದ ಮನೆಯ ನೇಕಾರ ಅಜ್ಜ ಒಂದು ಸಂಜೆ ಬಾಗಿಲಿಗೆ ಬಂದು ನಿಂತ. ನನ್ನ ಸುತ್ತು ತಿರುಗುತ್ತಿತ್ತು. ಮೇಲೆ ನಾನು ಜಾಕೋನ ಗತ್ತಿನಲ್ಲಿ ಬೆರಳು ಓಡಿಸುತ್ತಿದ್ದೆ. ಅಜ್ಜ ಬೆರಳು ನೋಡಲಿಲ್ಲ. ನಾಲ್ಕು ಸುತ್ತು ಸುಮ್ಮನೆ ಕೇಳಿ, ಐದನೆಯದಕ್ಕೆ ನನ್ನ ಕಾಲು ತಡವಾಗಿದ್ದ ಜಾಗಕ್ಕೇ ಸರಿಯಾಗಿ ಹೆಬ್ಬೆರಳಿನಿಂದ ನೆಲ ತಟ್ಟಿದ.

“ತಮ್ಮಾ, ಇಲ್ಲಿ ಕೊಂಡಿ ಕಾಣಾಕತ್ತೈತಿ.”

ಫಲಶ್ರುತಿ: ಗುಂಡಿಯನ್ನು ಒತ್ತಿ ಹಿಡಿದರೆ ಎಲ್ಲವೂ ಅಳಿಯುತ್ತದೆ. ಹಿಡಿದೆ.