ಬಿಯರ್ ಬೆಚ್ಚಗೆ, ಅಭಿಮಾನಿ ತಣ್ಣಗೆ

ಬೆಂಗಳೂರಿನ ಬಾರಿನಲ್ಲಿ ಕೂತು ಫುಟ್‌ಬಾಲ್ ನೋಡುತ್ತೇವೆ ಅನ್ನುವವರಿಗೆ ಮೊದಲ ಎದುರಾಳಿ ಗಡಿಯಾರ. ಚಳಿಗಾಲದಲ್ಲಿ ಚಾಂಪಿಯನ್ಸ್ ಲೀಗ್‌ನ ಬಹುಪಾಲು ಪಂದ್ಯಗಳು ನಮಗೆ ಶುರುವಾಗುವುದು ರಾತ್ರಿ 1.30ಕ್ಕೆ, ಬಾರಿನ ಶಟರ್ ಎಳೆಯುವುದು ಒಂದಕ್ಕೆ. ಹಾಗಾಗಿ ಶನಿವಾರದ ಪ್ರೀಮಿಯರ್ ಲೀಗೇ ಗತಿ. ಇಂಗ್ಲೆಂಡಿನ ಮಧ್ಯಾಹ್ನ 3 ಅಂದರೆ ಚಳಿಗಾಲದಲ್ಲಿ ನಮ್ಮ ರಾತ್ರಿ 8.30. ಹ್ಯಾಪಿ ಅವರ್ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ! ಅದಕ್ಕೇ ಜಾಣರು ಏಳಕ್ಕೇ ಹೋಗಿ, ಪಿಚರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿಕೊಳ್ಳುತ್ತಾರೆ. ಕಿಕ್‌ಆಫ್ ಹೊತ್ತಿಗೆ ಬಿಯರ್ ಬೆಚ್ಚಗೆ, ಅಭಿಮಾನಿ ತಣ್ಣಗೆ.

ವಾಟ್ಸ್‌ಆ್ಯಪಿನಲ್ಲಿ ‘ಪಕ್ಕಾ ಮಗಾ’ ಅಂದವರಲ್ಲಿ ಅರ್ಧ ಜನ ಬಂದರೆ ಪುಣ್ಯ. ಬಂದವರಲ್ಲಿ ‘ನಂಗೇನೂ ಬೇಡ ಕಣೋ, ಬರೀ ನೀರು’ ಅನ್ನುವವನ ಮೇಲೆ ಒಂದು ಕಣ್ಣಿಟ್ಟಿರಿ. ಚಿಲ್ಲಿ ಚಿಕನ್ ತಟ್ಟೆಗೆ ಅವನೇ ಗೋಲ್‌ಕೀಪರ್, ಒಂದು ತುಂಡನ್ನೂ ಆಚೆ ದಾಟಲು ಬಿಡುವುದಿಲ್ಲ. ಕಾಂಗ್ರೆಸ್ ಕಡಲೆಬೀಜವನ್ನು ಅವನ ಕೈಗೆಟುಕದ ಕಡೆ ಇಡಿಸಿ.

ಬಿಲ್ಲಿನಲ್ಲಿ ಊಟಕ್ಕೆ ಜಿಎಸ್‌ಟಿ ಉಂಟು, ಮದ್ಯಕ್ಕಿಲ್ಲ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಇಷ್ಟೆಲ್ಲ ಕಾನೂನು ಗೊತ್ತಿರುವ ಗೆಳೆಯ ಬಿಲ್ ಬರುವಾಗ ಮಾತ್ರ ಬಾತ್‌ರೂಮಿನಲ್ಲಿರುತ್ತಾನೆ. ಇನ್ನೊಬ್ಬನ ಯುಪಿಐ ಸರ್ವರ್ ಸರಿಯಾಗಿ ಆಗಲೇ ಡೌನು. ದುಡ್ಡು ಬಾಗಿಲಲ್ಲೇ ವಸೂಲು ಮಾಡಿ, ಸ್ವಾಮಿ.