ಮೆಷೀನಿಗೆ ಮಾತು ಕಲಿಸಿದವರು

ಅಲ್ಲ ಕಣಣ್ಣ, ಕೀಬೋರ್ಡು ಬಂದಮೇಲೆ ಕನ್ನಡದ ಹಾಡು ಕೆಟ್ಟೋಯ್ತು ಅಂತೀರಲ್ಲ, ಹಾಗಾದ್ರೆ ಸಂಗೀತ ನಿರ್ದೇಶಕ ಹಂಸಲೇಖ ಅವರನ್ನ ಎಲ್ಲಿಡ್ತೀರಿ? 1987ರಲ್ಲಿ ಅವರ ಹಾಡುಗಳಿದ್ದ ‘ಪ್ರೇಮಲೋಕ’ ಸಿನಿಮಾ ಬಂದದ್ದು ನೆನಪೈತಲ್ಲ. ಲಹರಿ ಕಂಪನಿಯವರು ತಂದ ಅದರ ಕ್ಯಾಸೆಟ್ಟು ಹಾಕದ ಬಸ್ಸು, ಹೋಟೆಲು ಪಾಂಡವಪುರದಿಂದ ಕೆ.ಆರ್. ಪೇಟೆವರೆಗೂ ಇರಲಿಲ್ಲ. ಮದುವೆಮನೆ ಮೈಕ್‌ಸೆಟ್ಟಿನಲ್ಲೂ ಅದೇ. ಅದರೊಳಗೆ ಗುಂಯ್‌ಗುಟ್ಟಿದ್ದು ಸಿಂಥಸೈಜರು, ರಿದಂ ಮೆಷೀನು!

ಇಳಯರಾಜ 1981ರಲ್ಲೇ ‘ಗೀತಾ’ ಸಿನಿಮಾದಲ್ಲಿ ದಾರಿ ತೋರಿಸಿದ್ರು, ಒಪ್ಕೋತೀನಿ. ಅವರೂ ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಹತ್ರ ಪಳಗಿದವರೇ. ಬೊಂಬಾಯಿನಲ್ಲಿ ಚರಣಜಿತ್ ಸಿಂಗ್ ಅನ್ನೋರು 1982ರಲ್ಲಿ ಹತ್ತು ರಾಗಗಳನ್ನ ಬರೀ ಮೆಷೀನಿನ ಮೇಲೆ ನುಡಿಸಿ ರೆಕಾರ್ಡು ಮಾಡಿದ್ರು. ಆಗ ಅದಕ್ಕೆ ಹೆಚ್ಚು ಜನ ಕಿವಿಗೊಡಲಿಲ್ಲ, ದೊಡ್ಡ ಹೆಸರು ಬಂದದ್ದು ಎಷ್ಟೋ ವರ್ಷ ಕಳೆದು. ‘ಪ್ರೇಮಲೋಕ’ ಮಾತ್ರ ಬಂದ ವರ್ಷವೇ ಮನೆಮನೆ ಹೊಕ್ಕಿತು. ಯಾಕೆ? ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಒಬ್ಬರದೇ. ಬೇರೆಯವರ ಟ್ಯೂನಿಗೆ ಪದ ತುರುಕೋ ಗೋಜಿರಲಿಲ್ಲ. ಮೆಷೀನಿನ ಏಟು ಒಂದೆಳೆ ಆಚೀಚೆ ಹೋಗಲ್ಲ. ಅಂಥ ಬಿಗಿಯಾದ ಲಯ ಕೆಳಗಿದ್ರೆ ಮೇಲೆ ಮಾತನ್ನ ಸಡಿಲ ಬಿಡಬಹುದು: ಕೇಳೋದು, ತಡೆದು ಉತ್ತರ ಕೊಡೋದು, ರೇಗಿಸೋದು. ಕಾಲೇಜು ಹುಡುಗ್ರು ಮಾತಾಡೋ ಹಾಗೇ ಎಸ್ಪಿಬಿ, ಜಾನಕಿ ಹಾಡಿದ್ರು. ನನ್ನ ಲೆಕ್ಕದಲ್ಲಿ ಹಂಸಲೇಖರ ದೊಡ್ಡ ಕೆಲಸ ಇದೇ.

ಮಾತೇ ಹಾಡಾಗೋದು ನಮ್ಮ ಮಂಡ್ಯ ಸೀಮೆಗೇನು ಹೊಸದಲ್ಲ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲೇ ‘ಮೈಸೂರು ಮಲ್ಲಿಗೆ’ಯಲ್ಲಿ ಗಂಡಹೆಂಡಿರ ಸಲ್ಲಾಪವನ್ನ ಕವಿತೆ ಮಾಡಿದ್ರು. ಮೇಲುಕೋಟೆಯ ಪು.ತಿ.ನ. ಗೀತನಾಟಕಗಳನ್ನ ಬರೆದು ಸ್ವರಾನೂ ತಾವೇ ಹಾಕಿದ್ರು. ಅದೇ ಗುಣ ಹಂಸಲೇಖರ ಕೈಯಲ್ಲಿ ಕರೆಂಟು ಹತ್ತಿಸಿಕೊಂಡು ಬಂತು ಅಂತ ನನಗನಿಸ್ತದೆ.

ಬರೀ ಮೆಷೀನು ನಂಬಿದ ಮನುಷ್ಯ ಅಂತ ಮಾತ್ರ ಅನ್ನಬೇಡಿ. ‘ಮುತ್ತಿನಹಾರ’ ಚಿತ್ರಕ್ಕೆ ಬಾಲಮುರಳಿಕೃಷ್ಣರಿಂದ ಹಾಡಿಸಿದವರು ಇವರೇ. ಪಂಚಾಕ್ಷರಿ ಗವಾಯಿಗಳ ಮೇಲಿನ 1995ರ ಚಿತ್ರದಲ್ಲಿ ಅಪ್ಪಟ ಹಿಂದೂಸ್ತಾನಿ ಕೊಟ್ಟು ರಾಷ್ಟ್ರಪ್ರಶಸ್ತಿ ತಗೊಂಡ್ರು. ಆ ಸಲ ಅದೇ ಚಿತ್ರದ ಹಾಡಿಗೆ ಎಸ್ಪಿಬಿಯವರಿಗೂ ರಾಷ್ಟ್ರಪ್ರಶಸ್ತಿ. ಸ್ವರ ತಿಳಿದ ಕೈಗೆ ವೀಣೆಯಾದ್ರೇನು, ಕೀಬೋರ್ಡಾದ್ರೇನು? ಹಳ್ಳಿ ಹುಡುಗ್ರಿಗೆ ದೇಸಿ ಹಾಡು ಕಲಿಸಬೇಕು ಅಂತ ಶಾಲೆಯನ್ನೂ ಕಟ್ಟಿದ್ರು. 2023ರ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಕರೆದದ್ದೂ ಅವರನ್ನೇ.

ಈಗ ನಾಗಮಂಗಲ, ಶ್ರೀರಂಗಪಟ್ಟಣದ ಕಡೆ ಹುಡುಗರ ಲ್ಯಾಪ್‌ಟಾಪಿನಲ್ಲೇ ಸ್ಟುಡಿಯೋ ಕೂತದೆ. ಬೀಟು ಕಟ್ತಾರೆ, ಪದ ಮಾತ್ರ ಇನ್ನೆಲ್ಲಿಂದಲೋ ಎತ್ತಿ ತರ್ತಾರೆ. ನನಗೆ ನೋವಾಗೋದು ಅಲ್ಲೇ. ನಿಮ್ಮ ಮಗ ರಾತ್ರಿಯೆಲ್ಲ ಹೆಡ್‌ಫೋನು ಹಾಕ್ಕೊಂಡು ಕೂತ್ರೆ ಬೈಬೇಡಿ ಅಣ್ಣ. ‘ಮೈಸೂರು ಮಲ್ಲಿಗೆ’ ಒಂದು ಪ್ರತಿ ಅವನ ಪಕ್ಕಕ್ಕಿಡಿ, ಪದಾನೂ ನೀನೇ ಬರಿ ಅಂತ ಹೇಳಿ.