ಒಂದು ಪತ್ರಿಕೆ, ಎರಡು ಮಫ್ಲರ್

ಡಿಸೆಂಬರ್ ಬೆಳಗು. ತುಂಗೆಯ ಮೇಲಿನ ಮಂಜು ತೀರ್ಥಹಳ್ಳಿ ಪೇಟೆಗೂ ಹತ್ತಿತ್ತು. ಹೋಟೆಲ್ ಬೆಂಚಿನ ಮೇಲೆ ನಿವೃತ್ತ ಮೇಷ್ಟ್ರು, ಎದುರಿಗೆ ಅಡಿಕೆ ತೋಟದ ಯಜಮಾನರು. ನಡುವೆ ಒಂದೇ ಪತ್ರಿಕೆ.

"ಏನಂತೆ ಸುದ್ದಿ?"

"ಎಳ್ಳಮಾವಾಸ್ಯೆ ಜಾತ್ರೆಗೆ ಪೂರ್ವಭಾವಿ ಸಭೆ."

"ತೀರ್ಮಾನ?"

"ಇನ್ನೊಂದು ಸಭೆ."

ಯಜಮಾನರು ನಗಲಿಲ್ಲ. ಅಡಿಕೆ ಕೊನೆ ಕೊಯ್ಯುವವರು ಸಿಗದ ಚಿಂತೆ ಅವರದು. ಆದರೂ ಜಾತ್ರೆಯ ಮಾತು ಬಿಡಲಿಲ್ಲ. ಪರಶುರಾಮನ ಕೊಡಲಿಯ ರಕ್ತದ ಕಲೆ ಹೋಯಿತೆಂದು ಜನ ನಂಬುವ ರಾಮಕುಂಡ ಇದೇ ಊರಿನದು. ಜಾತ್ರೆಯಲ್ಲಿ ಸಾವಿರಾರು ಮಂದಿ ಅಲ್ಲಿ ಮುಳುಗೇಳುತ್ತಾರೆ.

"ಅಷ್ಟು ಪಾಪ ತೊಳೆದರೂ ಮಾರನೇ ದಿನ ಅಂಗಡಿಯ ತಕ್ಕಡಿ ಹಾಗೇ ವಾಲಿರುತ್ತಲ್ಲ ಮೇಷ್ಟ್ರೇ!"

ಮೇಷ್ಟ್ರು ಪುಟ ತಿರುವಿದರು. "ಮಂಗನ ಕಾಯಿಲೆ ಎಚ್ಚರಿಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಚಳಿ ಬಿತ್ತೆಂದರೆ ಮತ್ತೆ ಸುದ್ದಿ. ಹರಡೋದು ಉಣುಗು, ಹೆಸರು ಕೆಟ್ಟದ್ದು ಮಂಗನದು."

"ಕಚೇರಿಗಳಲ್ಲೂ ಅದೇ ತಾನೇ? ಕಚ್ಚೋನೊಬ್ಬ, ಸಿಕ್ಕಿಬೀಳೋನೊಬ್ಬ."

"29ಕ್ಕೆ ಕುವೆಂಪು ಜನ್ಮದಿನ. ವಿಶ್ವಮಾನವ ದಿನಾಚರಣೆ."

"ಭಾಷಣಕಾರರು ಯಾರು?"

"ಅದೇ ತಕರಾರು. ವೇದಿಕೆಯಲ್ಲಿ ಜಾತಿಗೊಬ್ಬರು ಇರಲೇಬೇಕಂತೆ!"

ಯಜಮಾನರು ಈಗ ನಕ್ಕರು, ಚಹಾ ನೆತ್ತಿಗೇರಿ ಕೆಮ್ಮಿದರು. ಹೋಟೆಲಿನವನು ದೂರ ಸರಿದು ಕೇಳಿದ: "ಅಯ್ಯಾ, ಉಣುಗೇನಾದರೂ ಕಚ್ಚಿದೆಯಾ?"